ಎಡ ಮೂಲೆ ಏಳುತ್ತೆ, ಬಲ ಮೂಲೆ ಏಳಲ್ಲ: ಒಂದು ಹಳೇ ಪೋರ್ಷೆ 944ರ ಡಿಕ್ಕಿ ಲಾಕಿನ ಪ್ರಕರಣ

ಕಾರು 1986ರ ಪೋರ್ಷೆ 944. ಮಾಲೀಕರು ನನ್ನ ಗೆಳೆಯರು, ಹುಬ್ಬಳ್ಳಿ ಕಡೆಯವರು, ಈಗ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ದೂರು ಇಷ್ಟೇ. ಡಿಕ್ಕಿ ತೆರೆಯುವ ಗುಂಡಿ ಒತ್ತಿದರೆ ಹಿಂದೆ ಮೋಟಾರು ಗುಂಯ್ ಅನ್ನುತ್ತದೆ. ಗಾಜಿನ ಬಾಗಿಲಿನ ಎಡ ಮೂಲೆ ಟಕ್ ಅಂತ ಮೇಲೇಳುತ್ತದೆ. ಬಲ ಮೂಲೆ ಮಾತ್ರ ಅಲ್ಲೇ ಕೂತಿರುತ್ತದೆ.

"ಏನ್ ಮಾಡಿದ್ರೂ ಬಾಗಲಾ ಪೂರಾ ತೆರಿವಲ್ದು ನೋಡ್ರಿ. ಲಾಕ್ ಹೋಗೇತಿ. ಹೊಸಾದು ತರಸೂಣೇನು?" ಅಂತ ಫೋನ್ ಮಾಡಿದರು.

"ಸದ್ಯಕ್ಕೆ ಏನೂ ತರಿಸಬೇಡಿ, ಆ ಗುಂಡೀನೂ ಮುಟ್ಟಬೇಡಿ, ನಾನು ಬರ್ತೀನಿ" ಅಂದೆ. ಗುಂಡಿ ಮುಟ್ಟಬೇಡಿ ಅಂದಿದ್ದಕ್ಕೆ ಕಾರಣ ಇದೆ. ಈ ಕಾರಿನಲ್ಲಿ ಒಂದು ಮೂಲೆ ಮಾತ್ರ ಬಿಡಿಸಿಕೊಂಡರೆ ಲಾಕಿಗಿಂತ ಹೆಚ್ಚು ಪೆಟ್ಟು ಬೀಳುವುದು ಗಾಜಿಗೆ.

ಈ ಕಾರಿನ ಹಿಂಭಾಗ ನೋಡಿದವರಿಗೆ ಅದು ಮರೆಯಲ್ಲ. ಸೀಟಿನ ಹಿಂದಿನಿಂದ ಶುರುವಾಗಿ ಬಂಪರಿನ ಹತ್ತಿರದವರೆಗೆ ಒಂದೇ ದೊಡ್ಡ ಬಾಗಿದ ಗಾಜು. 1976ರಲ್ಲಿ ಬಂದ ಪೋರ್ಷೆ 924ರಿಂದಲೂ ಅದೇ ರೂಪ. ಆ 924 ಮೊದಲು ಫೋಕ್ಸ್‌ವ್ಯಾಗನ್‌ಗಾಗಿ ಶುರುವಾದ ಯೋಜನೆ. ಅವರು ಕೈಬಿಟ್ಟ ಮೇಲೆ ಪೋರ್ಷೆ ಅದನ್ನು ತಗೊಂಡು, ನೆಕರ್ಸುಲ್ಮ್‌ನಲ್ಲಿದ್ದ ಆಡಿ ಕಾರ್ಖಾನೆಯಲ್ಲಿ ಕಟ್ಟಿಸಿತು. ಅದರ ಮೇಲೆ ಬೆಳೆದದ್ದೇ 944: 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಮುಂದೆ, ಗೇರ್‌ಬಾಕ್ಸ್ ಹಿಂದೆ. ತೂಕ ಎರಡೂ ಆಕ್ಸಲಿಗೆ ಹೆಚ್ಚುಕಮ್ಮಿ ಸಮ. ಓಡಿಸುವವರಿಗೆ ಇದೆಲ್ಲ ಖುಷಿಯ ವಿಷಯ. ರಿಪೇರಿ ಮಾಡುವವರಿಗೆ ಮುಖ್ಯವಾದ ವಿಷಯ ಬೇರೆ: ಆ ಗಾಜನ್ನು ಒಂದು ತೆಳು ಲೋಹದ ಚೌಕಟ್ಟಿಗೆ ಅಂಟಿನಿಂದ ಕೂರಿಸಿದ್ದಾರೆ. ಚೌಕಟ್ಟು ತಿರುಚಿಕೊಂಡರೆ ಅಂಟು ಬಿಡುತ್ತದೆ. ಎಡ ಮೂಲೆ ಎದ್ದು ಬಲ ಮೂಲೆ ಕಚ್ಚಿಕೊಂಡಿದ್ದಾಗ ಆಗುವುದೇ ಅದು. ಎರಡು ಬದಿಯ ಗ್ಯಾಸ್ ರಾಡ್‌ಗಳೂ (ಒಳಗೆ ಒತ್ತಡದ ಗ್ಯಾಸ್ ತುಂಬಿದ, ಬಾಗಿಲು ಎತ್ತಿ ಹಿಡಿಯುವ ಕಡ್ಡಿಗಳು) ಬಾಗಿಲನ್ನು ಎತ್ತಲು ನೋಡುತ್ತವೆ, ಒಂದು ಮೂಲೆಯನ್ನು ಲಾಚು ಹಿಡಿದಿರುತ್ತದೆ, ನಡುವೆ ಗಾಜು ಸಿಕ್ಕಿಕೊಳ್ಳುತ್ತದೆ.

ಲಾಕಿನ ಕೆಲಸ ಮಾತ್ರ ಸರಳ. ಬಾಗಿಲಿನ ಕೆಳಗಿನ ಎರಡು ಮೂಲೆಯಲ್ಲಿ ಒಂದೊಂದು ಪಿನ್ನು ಇಳಿಬಿಟ್ಟಿದೆ. ಬಾಡಿಯಲ್ಲಿ ಅದರ ನೇರಕ್ಕೆ ಒಂದೊಂದು ಲಾಚು, ಒಳಗೆ ಸ್ಪ್ರಿಂಗ್ ಇರುವ ಕೊಕ್ಕೆ. ಬಾಗಿಲು ಒತ್ತಿದಾಗ ಪಿನ್ನಿನ ತಲೆ ಕೊಕ್ಕೆಯನ್ನು ಸರಿಸಿ ಒಳಗೆ ಹೋಗುತ್ತದೆ, ಕೊಕ್ಕೆ ವಾಪಸು ಬಂದು ಹಿಡಿಯುತ್ತದೆ. ತೆರೆಯುವಾಗ ಒಂದೇ ಮೋಟಾರು ಎರಡೂ ಕೊಕ್ಕೆಗಳನ್ನು ಎಳೆಯಬೇಕು. ಪಿನ್ನುಗಳಿಗೆ ಸ್ಕ್ರೂವಿಗಿರುವಂಥ ಮರೆ (ಸುರುಳಿ ಗೀರು) ಇದೆ, ಹಾಗಾಗಿ ಉದ್ದ ಹೊಂದಿಸಬಹುದು. ಪಿನ್ನನ್ನು ಬಾಗಿಲಿನೊಳಗೆ ಹೆಚ್ಚು ತಿರುಗಿಸಿದರೆ ಅದು ಗಿಡ್ಡವಾಗುತ್ತದೆ, ಬಾಗಿಲು ಇನ್ನೂ ಕೆಳಗೆ ಕೂತರೇನೇ ಕೊಕ್ಕೆ ಹಿಡಿಯುತ್ತದೆ. ಅಂದರೆ ಬಿಗಿ ಜಾಸ್ತಿ. ಹೊರಗೆ ತಿರುಗಿಸಿದರೆ ಉದ್ದವಾಗುತ್ತದೆ, ಬಿಗಿ ಕಮ್ಮಿ. ಈ ಲೆಕ್ಕ ನೆನಪಿಟ್ಟುಕೊಳ್ಳಿ. ಇಡೀ ಪ್ರಕರಣ ಇದರ ಮೇಲೇ ನಿಂತಿದೆ.

ಹೋದ ತಕ್ಷಣ ಮಾಡಿದ ಮೊದಲ ಪರೀಕ್ಷೆಗೆ ಯಾವ ಸಾಮಾನೂ ಬೇಡ. ಬಾಗಿಲನ್ನು ಮತ್ತೆ ಪೂರ್ತಿ ಕೂರಿಸಿದೆ. ಬಲ ಮೂಲೆಯ ಮೇಲೆ ಅಂಗೈ ಇಟ್ಟು ಗಟ್ಟಿಯಾಗಿ ಕೆಳಗೆ ಒತ್ತಿ ಹಿಡಿದೆ, ಚೌಕಟ್ಟಿನ ಮೇಲೆ, ಗಾಜಿನ ನಡುವೆ ಅಲ್ಲ. "ಈಗ ಒತ್ತಿ" ಅಂದೆ. ಅವರು ಗುಂಡಿ ಒತ್ತಿದರು. ಎರಡೂ ಮೂಲೆ ಒಟ್ಟಿಗೆ ಬಿಟ್ಟವು. ಕೈ ತೆಗೆದು ಮಾಡಿದರೆ ಬಲಗಡೆ ಮತ್ತೆ ಹಿಡಿಯುತ್ತದೆ ಅಂತ ಅವರು ಆಗಲೇ ತೋರಿಸಿದ್ದರು. ಹಿಂದಿನ ಕೀಲಿ ಹಾಕಿ ತಿರುಗಿಸಿದರೂ ಅದೇ ಕಥೆಯಂತೆ, ಜೊತೆಗೆ ಕೀಲಿ ಬಾಗುವಷ್ಟು ಬಿಗಿ.

ಮಳೆಗಾಲದಲ್ಲಿ ಉಬ್ಬಿದ ಮರದ ಬಾಗಿಲಿನ ಚಿಲಕ ತೆಗೆಯುವಾಗ ಬಾಗಿಲನ್ನು ನಮ್ಮ ಕಡೆಗೆ ಎಳೆದುಕೊಂಡು ಚಿಲಕ ಸರಿಸುತ್ತೇವೆ ಅಲ್ವಾ, ಇದೂ ಅದೇ. ಚಿಲಕ ಕೆಟ್ಟಿಲ್ಲ. ಅದರ ಮೇಲೆ ಬಾಗಿಲಿನ ಭಾರ ಬಿದ್ದಿದೆ. ಇಲ್ಲಿ ಬಾಗಿಲನ್ನು ಕೆಳಗಿನಿಂದ ತಳ್ಳುತ್ತಿದ್ದದ್ದು ಸುತ್ತಲಿನ ರಬ್ಬರ್ ಬೀಡಿಂಗು. ಪಿನ್ನಿನ ತಲೆ ಕೊಕ್ಕೆಯನ್ನು ಮೇಲಕ್ಕೆ ಜಗ್ಗಿ ಹಿಡಿದಿತ್ತು. ಮೋಟಾರು ಕೊಕ್ಕೆಯನ್ನು ಪಕ್ಕಕ್ಕೆ ಎಳೆಯಲು ಹೋದರೆ ಆ ಉಜ್ಜಾಟವನ್ನು ಮೀರಲು ಬಲ ಸಾಲದು.

ಇಷ್ಟಕ್ಕೇ "ಪಿನ್ನು ಒಂಚೂರು ಸಡಿಲ ಮಾಡಿ ಮುಗಿಸೋಣ" ಅನ್ನಬಹುದಿತ್ತು. ಆದರೆ ಬಲಗಡೆ ಮಾತ್ರ ಯಾಕೆ ಬಿಗಿ? ಮೋಟಾರಿನ ದನಿಯೂ ಸೊರಗಿತ್ತು. ಎರಡನ್ನೂ ನೋಡದೆ ಬಿಡುವ ಹಾಗಿರಲಿಲ್ಲ.

ಬಾಗಿಲು ತೆರೆದಿದ್ದಾಗಲೇ ಹಿಂದಿನ ಒಳಪಟ್ಟಿ ಬಿಚ್ಚಿದೆವು. ಈ ಕಾರಿನ ಪ್ಲಾಸ್ಟಿಕ್ಕು ನಲವತ್ತು ವರ್ಷ ಹತ್ತಿರದ್ದು, ಬಿಸಿಲು ಕಂಡಿದ್ದು. ಎಳೆದರೆ ಬಿಸ್ಕತ್ತು. ಹಾಗಾಗಿ ಕ್ಲಿಪ್ಪುಗಳ ಹತ್ತಿರವೇ ಕೈ ಹಾಕಿ ಒಂದೊಂದಾಗಿ ಬಿಡಿಸಬೇಕು. ಕಾರ್ಪೆಟ್ಟು ಎತ್ತಿದರೆ ಸ್ಟೆಪ್ನಿ ಇರುವ ಕುಳಿಯಲ್ಲಿ ನೀರಿನ ಕಲೆ, ಒಂದು ಕಡೆ ಇನ್ನೂ ತೇವ. ಗೆಳೆಯರು ಅದನ್ನು ನೋಡಿದವರೇ, "ಅದಾ? ಅದು ಹಳೇದ್ರೀ. ಹಿಂದಿನ ಮಾಲೀಕ ರಿಪೇರಿ ಮಾಡ್ಸೇನಿ ಅಂದಿದ್ದ" ಅಂದರು.

ಅಲ್ಲಿಗೆ ಒಂದು ಎಳೆ ಸಿಕ್ಕಿತು. ಕಾರಿನ ಜೊತೆ ಬಂದಿದ್ದ ಹಳೇ ಬಿಲ್ಲುಗಳ ಫೈಲು ಮನೆಯಲ್ಲಿತ್ತು. ತೆಗೆಸಿ ನೋಡಿದರೆ, ಒಂದು ಗ್ಯಾರೇಜಿನವರು "ಹಿಂದೆ ನೀರು ಸೋರುವಿಕೆ, ಬಾಗಿಲು ಹೊಂದಿಸಲಾಗಿದೆ" ಅಂತ ಒಂದು ಸಾಲು ಬರೆದು ದುಡ್ಡು ತಗೊಂಡಿದ್ದರು. ಬೀಡಿಂಗ್ ಬದಲಿಸಿದ್ದಕ್ಕೆ ಬಿಲ್ಲಿಲ್ಲ. ಗಾಜು ನೋಡಿದ್ದಕ್ಕೆ ಬಿಲ್ಲಿಲ್ಲ. ಹೊಂದಿಸುವುದು ಅಂದರೆ ಏನು ಮಾಡಿರಬಹುದು? ನೀರು ಬರುತ್ತಿದ್ದ ಕಡೆ ಪಿನ್ನು ಗಿಡ್ಡ ಮಾಡಿ ಬಾಗಿಲನ್ನು ಬಿಗಿ ಎಳೆದಿರಬೇಕು.

ಊಹೆ ಅಂತ ಬಿಡಲಿಲ್ಲ, ಅಳೆದೆವು. ಮೊದಲು ಎರಡು ಪಿನ್ನು ಚೌಕಟ್ಟಿನಿಂದ ಎಷ್ಟು ಹೊರಗೆ ಬಂದಿವೆ ಅಂತ ಸ್ಕೇಲಿನಿಂದ ನೋಡಿದೆವು. ಬಲಗಡೆಯದು ಕಣ್ಣಿಗೇ ಕಾಣುವಷ್ಟು ಗಿಡ್ಡ. ಆಮೇಲೆ ಕಾಗದದ ಪರೀಕ್ಷೆ. ಉದ್ದನೆಯ ಕಾಗದದ ಪಟ್ಟಿಯನ್ನು ಬೀಡಿಂಗ್ ಮೇಲೆ ಇಟ್ಟು ಬಾಗಿಲು ಮುಚ್ಚಿ, ನಿಧಾನವಾಗಿ ಎಳೆಯುವುದು. ಎಡಗಡೆ ಹದವಾಗಿ ಉಜ್ಜಿಕೊಂಡು ಬಂತು. ಬಲ ಕೆಳಮೂಲೆಯಲ್ಲಿ ಕಾಗದ ಹರಿದುಹೋಯಿತು. ಬಲಗಡೆಯೇ ಸ್ವಲ್ಪ ಮೇಲೆ ಹೋದರೆ, ಗಾಜು ಬಾಗುವ ಜಾಗದಲ್ಲಿ, ಕಾಗದ ಸಲೀಸಾಗಿ ಜಾರಿ ಬಂತು. ಕೆಳಗೆ ಅತಿ ಬಿಗಿ, ಮೇಲೆ ಸಡಿಲ. ಬಾಗಿಲು ತಿರುಚಿಕೊಂಡೇ ಕೂರುತ್ತಿದೆ ಅಂತ ಅದರ ಅರ್ಥ. ನೀರು ಬರುವ ಜಾಗ ಬಿಗಿ ಮಾಡಿದ ಮೂಲೆಯಲ್ಲೇ ಇರಲಿಲ್ಲ.

ಪಿನ್ನಿನ ತುದಿಗೆ ಚೂರು ಬಿಳೀ ಗ್ರೀಸು ಹಚ್ಚಿ ಬಾಗಿಲನ್ನು ಮೆತ್ತಗೆ ಇಳಿಸಿ, ಲಾಚಿಗೆ ತಾಗುವಷ್ಟರಲ್ಲಿ ಎತ್ತಿ ನೋಡಿದೆವು. ಎಡಗಡೆ ಗ್ರೀಸು ಬಾಯಿಯ ನಡುವೆ. ಬಲಗಡೆ ಒಳ ಅಂಚಿನ ಮೇಲೆ. ಅಂದರೆ ಬಲ ಪಿನ್ನು ಪ್ರತಿ ಸಲ ಅಂಚಿಗೆ ಹೊಡೆದು, ಓರೆಯಾಗಿ ಒಳಗೆ ಹೋಗುತ್ತಿತ್ತು. ಅಂಚಿನಲ್ಲಿ ಹೊಳೆಯುವ ಗೀರು ಕೂಡ ಇತ್ತು. ಮುಚ್ಚುವಾಗ ಜೋರಾಗಿ ಬಡಿಯಬೇಕಾಗುತ್ತಿದ್ದದ್ದು ಯಾಕೆ ಅಂತ ಗೆಳೆಯರಿಗೆ ಆಗ ಗೊತ್ತಾಯಿತು. ಇಷ್ಟು ದಿನ ಅದು ಜರ್ಮನ್ ಕಾರಿನ ಗಟ್ಟಿತನ ಅಂದುಕೊಂಡಿದ್ದರಂತೆ!

ಈಗ ಮೋಟಾರಿನ ವಿಷಯ. ಇಂಥ ಕಡೆ ಮಲ್ಟಿಮೀಟರನ್ನು ಸುಮ್ನೆ ತಂತಿಗೆ ಇಟ್ಟು "12 ವೋಲ್ಟ್ ಬರ್ತಿದೆ, ಸರಿ ಇದೆ" ಅನ್ನುವವರು ಬಹಳ. ಮೋಟಾರು ಓಡದೆ ಇದ್ದಾಗ 12 ವೋಲ್ಟ್ ತೋರಿಸುವುದು ದೊಡ್ಡ ವಿಷಯ ಅಲ್ಲ, ತುಕ್ಕು ಹಿಡಿದ ಜೋಡಣೆಯಲ್ಲೂ ತೋರಿಸುತ್ತದೆ. ಕರೆಂಟು ಹರಿಯುವಾಗ ಎಷ್ಟು ಉಳಿಯುತ್ತದೆ ಅನ್ನುವುದೇ ಪ್ರಶ್ನೆ. ಈ ಕಾರಿನ ಬ್ಯಾಟರಿ ಇರುವುದು ಮುಂದೆ ಬಾನೆಟ್ ಕೆಳಗೆ. ಮೋಟಾರು ಹಿಂದೆ. ತಂತಿ ಉದ್ದ, ಜೋಡಣೆಗಳು ಹಲವು. ಗೆಳೆಯರು ಗುಂಡಿ ಒತ್ತಿ ಹಿಡಿದಾಗ ಮೋಟಾರಿನ ಎರಡು ತುದಿಯಲ್ಲಿ ಸಿಕ್ಕಿದ್ದು 10 ವೋಲ್ಟಿಗಿಂತ ಕಮ್ಮಿ. ಬ್ಯಾಟರಿಯಲ್ಲಿ ಆ ಹೊತ್ತಿಗೆ 12ರ ಮೇಲೆ ಇತ್ತು.

ಕಳೆದುಹೋಗುತ್ತಿರುವುದು ಎಲ್ಲಿ ಅಂತ ಹುಡುಕುವುದು ಸುಲಭ. ಜರ್ಮನ್ ಕಾರುಗಳಲ್ಲಿ ಕಂದು ಬಣ್ಣದ ತಂತಿ ಅಂದರೆ ಅರ್ಥ್ (earth), ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ವಾಪಸು ಹೋಗುವ ದಾರಿ. ಮೀಟರಿನ ಒಂದು ತುದಿ ಮೋಟಾರಿನ ಕಂದು ತಂತಿಗೆ, ಇನ್ನೊಂದು ಬಾಡಿಯ ಶುದ್ಧ ಲೋಹಕ್ಕೆ. ಮೋಟಾರು ಓಡುವಾಗ ಇಲ್ಲಿ ಸೊನ್ನೆ ಹತ್ತಿರ ಬರಬೇಕು. ಬಂದಿದ್ದು 1 ವೋಲ್ಟಿಗಿಂತ ಜಾಸ್ತಿ. ಕಂದು ತಂತಿ ಹಿಡಿದುಕೊಂಡು ಹೋದರೆ ಬಾಡಿಗೆ ಸ್ಕ್ರೂ ಹಾಕಿದ ಜಾಗದಲ್ಲಿ ತುಕ್ಕು, ಅದರ ಮೇಲೆ ಹಸಿರು ಪುಡಿ. ಸೋರಿ ಬಂದ ನೀರು ಇಳಿದು ನಿಲ್ಲುತ್ತಿದ್ದದ್ದು ಅಲ್ಲೇ. ಉಳಿದ ನಷ್ಟ ತಂತಿಗಳನ್ನು ಜೋಡಿಸುವ ಒಂದು ಪ್ಲಗ್ಗಿನ ಕಪ್ಪಾದ ಕಾಲುಗಳಲ್ಲಿ ಸಿಕ್ಕಿತು.

ಹೀಗೆ ಎಲ್ಲ ಒಂದೇ ಹಗ್ಗದಲ್ಲಿ ಪೋಣಿಸಿಕೊಂಡಿತ್ತು. ನೀರು ಸೋರಿತು. ಸೋರುವುದನ್ನು ನಿಲ್ಲಿಸಲು ಯಾರೋ ಬಲ ಪಿನ್ನು ಬಿಗಿ ಮಾಡಿದರು. ಲಾಚಿನ ಮೇಲೆ ಭಾರ ಏರಿತು. ನೀರು ನಿಲ್ಲಲಿಲ್ಲ. ಅದೇ ನೀರು ಅರ್ಥ್ ಜೋಡಣೆ ತಿಂದಿತು. ಭಾರ ಏರುತ್ತಾ ಹೋಯಿತು, ಮೋಟಾರಿನ ಬಲ ಇಳಿಯುತ್ತಾ ಬಂತು. ಎರಡೂ ಸಂಧಿಸಿದ ದಿನ ಬಲ ಮೂಲೆ ಏಳಲಿಲ್ಲ. ಹೊಸ ಲಾಕು ತರಿಸಿ ಹಾಕಿದ್ದರೂ ಈ ಯಾವುದೂ ಬದಲಾಗುತ್ತಿರಲಿಲ್ಲ.

ರಿಪೇರಿ ಶುರು ಮಾಡುವ ಮೊದಲು ಗೆಳೆಯರು ಇನ್ನೊಂದು ಉಪಾಯ ಹೇಳಿದರು. ಬಲವಾದ ಹೊಸ ನಮೂನೆಯ ಮೋಟಾರು ಸಿಗುತ್ತದಂತೆ, ತೂತು ಕೊರೆದು ಕೂರಿಸಿಬಿಡೋಣವೇ ಅಂತ. ನಾನು ಬೇಡ ಅಂದೆ. ಒಂದು ಕಾರಣ ಕಾಗದಪತ್ರದ್ದು: ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ನಂಬರಿನ ಕೊನೆಗೆ ಎಚ್ ಅಕ್ಷರ ಕೊಡುತ್ತಾರೆ, ತೆರಿಗೆಯ ಲೆಕ್ಕವೂ ಬೇರೆ. ಅಂಥ ಕಾರಿಗೆ ಕಂಡಕಂಡಲ್ಲಿ ತೂತು ಕೊರೆಯುವುದು ಜಾಣತನ ಅಲ್ಲ. ಅದಕ್ಕಿಂತ ದೊಡ್ಡ ಕಾರಣ, ಬಲವಾದ ಮೋಟಾರು ಕೊಕ್ಕೆಯನ್ನು ಎಳೆಯುತ್ತದೆ ನಿಜ, ಗಾಜಿನ ಮೇಲಿನ ತಿರುಚಾಟ ಹಾಗೇ ಉಳಿಯುತ್ತದೆ.

ಮೊದಲು ಲಾಚುಗಳನ್ನು ಬಿಚ್ಚಿದೆವು. ಬಿಚ್ಚುವ ಮೊದಲು ಬೋಲ್ಟಿನ ಸುತ್ತ ಮಾರ್ಕರಿನಿಂದ ಗೆರೆ ಎಳೆದುಕೊಂಡೆವು, ವಾಪಸು ಕೂರಿಸುವಾಗ ಹಳೇ ಜಾಗ ಗೊತ್ತಿರಲಿ ಅಂತ. ಒಳಗಿನ ಗ್ರೀಸು ಕಂದು ಅಂಟಾಗಿತ್ತು. ಇಂಥದ್ದರ ಮೇಲೆ ಸ್ಪ್ರೇ ಎಣ್ಣೆ ಹೊಡೆದರೆ ನಾಲ್ಕು ದಿನ ಚೆನ್ನಾಗಿರುತ್ತದೆ, ಆಮೇಲೆ ಅದಕ್ಕೇ ಧೂಳು ಕೂತು ಇನ್ನೂ ಕೆಡುತ್ತದೆ. ಬ್ರೇಕ್ ಕ್ಲೀನರ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಪೂರ್ತಿ ತೊಳೆದೆವು. ಇದನ್ನು ಕಾರಿನಿಂದ ಹೊರಗೆ ಮಾಡಬೇಕು, ಬಣ್ಣಕ್ಕೂ ರಬ್ಬರಿಗೂ ಆ ದ್ರವ ಆಗಿಬರಲ್ಲ. ಒಣಗಿದ ಮೇಲೆ ಕೊಕ್ಕೆ ತಿರುಗುವ ಜಾಗಕ್ಕೆ ಮಾತ್ರ ಲಿಥಿಯಂ ಗ್ರೀಸು, ಅದೂ ತೆಳುವಾಗಿ. ಸ್ಪ್ರಿಂಗುಗಳು ಗಟ್ಟಿಯಾಗೇ ಇದ್ದವು. ಕೊಕ್ಕೆಯ ತುದಿ ಸವೆದು ದುಂಡಾಗಿದ್ದರೆ ಲಾಚು ಬದಲಿಸಬೇಕಾಗುತ್ತಿತ್ತು, ಯಾಕೆಂದರೆ ಆಗ ಬಾಗಿಲು ಓಡುವಾಗಲೇ ತೆರೆದುಕೊಳ್ಳುವ ಅಪಾಯ. ಇಲ್ಲಿ ಹಾಗಿರಲಿಲ್ಲ.

ಅರ್ಥ್ ಜೋಡಣೆಯ ಜಾಗವನ್ನು ತಂತಿ ಬ್ರಷ್ಷಿನಿಂದ ಹೊಳೆಯುವ ತನಕ ಉಜ್ಜಿ, ಹೊಸ ಟರ್ಮಿನಲ್ ಹಾಕಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿದೆವು. ಪ್ಲಗ್ಗಿನ ಕಾಲುಗಳನ್ನೂ ಉಜ್ಜಿದೆವು. ಮತ್ತೆ ಅಳೆದರೆ ಬ್ಯಾಟರಿಗೂ ಮೋಟಾರಿಗೂ ನಡುವೆ ಅರ್ಧ ವೋಲ್ಟಿನಷ್ಟೇ ವ್ಯತ್ಯಾಸ. ದನಿ ಬದಲಾಗಿದ್ದು ಮೀಟರ್ ಇಲ್ಲದೆಯೂ ಗೊತ್ತಾಗುತ್ತಿತ್ತು.

ಲಾಚುಗಳನ್ನು ಗೆರೆಯ ಮೇಲೆ ಕೂರಿಸಿದೆವು. ಬಲಗಡೆಯದನ್ನು ಮಾತ್ರ ಪಿನ್ನು ನಡುವಿಗೆ ಬರುವಷ್ಟು ಪಕ್ಕಕ್ಕೆ ಸರಿಸಿ ಬಿಗಿ ಮಾಡಿದೆವು. ಇಲ್ಲಿ ಒಂದು ಎಚ್ಚರಿಕೆ. ಲಾಚು ಬಿಚ್ಚಿ ಹಾಕಿದ ಮೇಲೆ ಬಾಗಿಲನ್ನು ಹಾಗೇ ಮುಚ್ಚಬಾರದು. ಸ್ಕ್ರೂಡ್ರೈವರಿನ ಕಡ್ಡಿಯನ್ನು ಲಾಚಿನೊಳಗೆ ಒತ್ತಿ, ಕೊಕ್ಕೆ ಟಕ್ ಅಂತ ಹಿಡಿದ ಮೇಲೆ ಗುಂಡಿ ಒತ್ತಿ ಬಿಡಿಸಿ ನೋಡಬೇಕು. ಎರಡೂ ಕಡೆ. ಆಮೇಲೆ ಗುಂಡಿ ಬಿಟ್ಟು ಕೀಲಿಯಿಂದಲೂ. ಇಲ್ಲಿ ತಪ್ಪಿದರೆ ಹಿಂದಿನ ಸೀಟು ಮಡಚಿ, ಕಾರಿನೊಳಗೆ ಮಲಗಿ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಲಾಚಿಗೆ ಕೈ ಹಾಕಬೇಕಾಗುತ್ತದೆ. ಆ ಕಾರಿನಲ್ಲಿ ಆರಡಿ ಮನುಷ್ಯ ಹಿಂದೆ ಮಲಗುವುದು ನೋಡಲು ಮಾತ್ರ ಮಜಾ.

ಪಿನ್ನಿನ ಕೆಲಸ ಕೊನೆಗೆ. ಲಾಕ್ ನಟ್ಟು (ಪಿನ್ನು ತಾನಾಗಿ ತಿರುಗದ ಹಾಗೆ ಹಿಡಿಯುವ ನಟ್ಟು) ಸಡಿಲಿಸಿ ಬಲ ಪಿನ್ನನ್ನು ಎಡಗಡೆಯಷ್ಟೇ ಉದ್ದಕ್ಕೆ ತಂದೆವು. ಅಲ್ಲಿಂದ ಮುಂದೆ ಅರ್ಧರ್ಧ ಸುತ್ತು. ಪ್ರತಿ ಸಲ ಮುಚ್ಚುವುದು, ಕಾಗದ ಎಳೆಯುವುದು, ಗುಂಡಿ ಒತ್ತುವುದು, ಎರಡೂ ಮೂಲೆ ಒಟ್ಟಿಗೆ ಏಳುತ್ತವೆಯಾ ನೋಡುವುದು. ಬೇಸರದ ಕೆಲಸ, ಆದರೆ ಬೇರೆ ದಾರಿ ಇಲ್ಲ. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆಯ ಬಿಗಿ ಬದಲಾಗುತ್ತದೆ, ಯಾಕೆಂದರೆ ನಡುವೆ ಇರುವುದು ಒಂದೇ ಚೌಕಟ್ಟು. ಪಿನ್ನು ತೀರಾ ಉದ್ದವಾದರೆ ಬಾಗಿಲು ಹಳ್ಳದಲ್ಲಿ ಗಡಗಡ ಅನ್ನುತ್ತದೆ, ಸಂದಿಯಿಂದ ಎಕ್ಸಾಸ್ಟ್ ಹೊಗೆಯೂ ಒಳಗೆ ಬರಬಹುದು. ಹಾಗಾಗಿ ಸಡಿಲವೇ ಕ್ಷೇಮ ಅಂತಲೂ ಹೇಳುವ ಹಾಗಿಲ್ಲ. ಕಾಗದ ಹರಿಯದೆ, ಆದರೆ ಉಜ್ಜಿಕೊಂಡು ಬರುವಷ್ಟು ಹದ ಸಿಕ್ಕ ಮೇಲೆ ಲಾಕ್ ನಟ್ಟು ಬಿಗಿ ಮಾಡಿದೆವು. ಬಿಗಿ ಮಾಡುವಾಗ ಪಿನ್ನು ಜೊತೆಗೇ ತಿರುಗದ ಹಾಗೆ ಹಿಡಿದುಕೊಳ್ಳಬೇಕು.

ಗ್ಯಾಸ್ ರಾಡ್‌ಗಳ ಮೇಲೂ ಅವರಿಗೆ ಅನುಮಾನ ಇತ್ತು. ಬಾಗಿಲು ಮುಚ್ಚಿರುವಾಗ ರಾಡುಗಳು ಹೆಚ್ಚುಕಮ್ಮಿ ಬಾಗಿಲಿನ ಉದ್ದಕ್ಕೇ ಮಲಗಿರುತ್ತವೆ, ಎತ್ತುವ ಬಲ ಆಗ ಕಮ್ಮಿ. ಹಾಗಾಗಿ ಲಾಚು ಕಚ್ಚಿಕೊಳ್ಳಲು ಅವು ಮುಖ್ಯ ಕಾರಣ ಅಲ್ಲ. ಆದರೆ ಒಂದು ಮೂಲೆ ಬಿಟ್ಟ ಕ್ಷಣದಿಂದ ತಿರುಚುವ ಕೆಲಸ ಅವುಗಳದ್ದೇ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಒಳಗಿನ ಗ್ಯಾಸಿನ ಒತ್ತಡ ಏರಿ ಅವು ಇನ್ನೂ ಜೋರಾಗಿ ತಳ್ಳುತ್ತವೆ. ರಾಡಿನ ಮೇಲೆ ಅದರ ಬಲ ನ್ಯೂಟನ್ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಬದಲಿಸುವಾಗ ಅದೇ ಅಂಕಿಯದ್ದು ಹಾಕಿ, ಹಾಕುವುದಿದ್ದರೆ ಜೋಡಿಯಾಗಿ ಹಾಕಿ. ಒಂದು ಹೊಸದು, ಒಂದು ಹಳೇದು ಅಂದರೆ ಬಾಗಿಲು ಪ್ರತಿ ದಿನ ಓರೆಯಾಗಿ ಏಳುತ್ತದೆ.

ನೀರು? ಅದು ಎಲ್ಲಿಂದ ಅಂತ ನೋಡಲು ಒಬ್ಬರು ಒಳಗೆ ಟಾರ್ಚು ಹಿಡಿದು ಕೂತರು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಒತ್ತಡ ಇಲ್ಲದೆ ನೀರು ಬಿಟ್ಟರು, ಕೆಳಗಿನಿಂದ ಶುರು ಮಾಡಿ ಮೇಲಕ್ಕೆ. ಮೇಲಿನಿಂದ ಬಿಟ್ಟರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ಗೊತ್ತಾಗಲ್ಲ. ಕೆಳಮೂಲೆಯಲ್ಲಿ ಒಂದು ಹನಿಯೂ ಇಲ್ಲ. ಬಲಬದಿಯ ಬಾಗಿನ ಹತ್ತಿರ ಬಂದಾಗ ಗಾಜಿಗೂ ಚೌಕಟ್ಟಿಗೂ ನಡುವಿನಿಂದ ಸಣ್ಣ ಎಳೆಯಾಗಿ ಇಳಿಯಿತು. ಬೀಡಿಂಗಿನಿಂದ ಅಲ್ಲ. ಬಾಗಿಲು ತೆರೆದು ಒಂದು ಕೈಯಲ್ಲಿ ಚೌಕಟ್ಟು ಹಿಡಿದು, ಇನ್ನೊಂದರಿಂದ ಗಾಜನ್ನು ಮೆಲ್ಲಗೆ ಒತ್ತಿದರೆ ಆ ಜಾಗದಲ್ಲಿ ಅಂಟು ಬಿಟ್ಟಿರುವುದು ಕಾಣಿಸುತ್ತಿತ್ತು. ಓರೆಯಾಗಿ ಎದ್ದೆದ್ದು ಆಗಿದ್ದೋ, ಅಂಟು ಮೊದಲೇ ಬಿಟ್ಟಿದ್ದರಿಂದ ನೀರು ಬಂದು ಈ ಕಥೆಯೆಲ್ಲ ಶುರುವಾಗಿದ್ದೋ, ಈಗ ಬಿಡಿಸಿ ಹೇಳಲು ಆಗಲ್ಲ. ಹಳೇ ಬಿಲ್ಲು ನೋಡಿದರೆ ಎರಡನೆಯದೇ ಸರಿ ಅಂತ ನನಗನ್ನಿಸುತ್ತದೆ.

ಇದಕ್ಕೆ ಸರಿಯಾದ ರಿಪೇರಿ ಅಂದರೆ ಗಾಜನ್ನು ಚೌಕಟ್ಟಿನಿಂದ ಪೂರ್ತಿ ಬಿಡಿಸಿ, ಹಳೇ ಅಂಟು ಕೆರೆದು, ಮುಂದಿನ ಗಾಜು ಕೂರಿಸಲು ಬಳಸುವಂಥ ಪಾಲಿಯುರೆಥೇನ್ ಅಂಟಿನಿಂದ ಮತ್ತೆ ಕೂರಿಸುವುದು. ಅಂಟು ಗಟ್ಟಿಯಾಗುವ ತನಕ ಬಾಗು ಕೆಡದ ಹಾಗೆ ಹಿಡಿದಿಡಬೇಕು. ಇದು ಮನೆಯಂಗಳದ ಕೆಲಸ ಅಲ್ಲ, ಇಂಥದ್ದನ್ನೇ ಮಾಡುವ ಗಾಜಿನ ಅಂಗಡಿಗೆ ಕೊಡಬೇಕು. ಸದ್ಯಕ್ಕೆ ಆ ಸಂದಿಯನ್ನು ಒಣಗಿಸಿ ಹೊರಗಿನಿಂದ ಅದೇ ಅಂಟು ತುಂಬಿದ್ದೇವೆ. ನೀರು ನಿಂತಿದೆ. ಆದರೆ ಅದು ತಾತ್ಕಾಲಿಕ ಅಂತ ಗೆಳೆಯರಿಗೆ ಸ್ಪಷ್ಟವಾಗಿ ಹೇಳಿದ್ದೇನೆ.

ಖರ್ಚಾದದ್ದು ಬ್ರೇಕ್ ಕ್ಲೀನರ್, ಗ್ರೀಸು, ಒಂದು ಟರ್ಮಿನಲ್, ಒಂದು ಟ್ಯೂಬು ಅಂಟು. ಹೊಸ ಲಾಕಿನ ಆರ್ಡರು ಹೋಗಲಿಲ್ಲ. ಊರಿನಲ್ಲಿ ಪೋರ್ಷೆ ಇಲ್ಲದವರಿಗೂ ಇದರಲ್ಲಿ ಅರ್ಧ ಉಪಯೋಗಕ್ಕೆ ಬರುತ್ತದೆ. ಯಾವ ಹ್ಯಾಚ್‌ಬ್ಯಾಕ್ ಆದರೂ ಡಿಕ್ಕಿ ತೆರೆಯದಿದ್ದರೆ ಕೇಬಲ್ಲು ಕಿತ್ತುಹೋಗುವಷ್ಟು ಎಳೆಯುವ ಮೊದಲು ಬಾಗಿಲನ್ನು ಒಮ್ಮೆ ಕೆಳಗೆ ಒತ್ತಿ ಹಿಡಿದು ನೋಡಿ. ಬಿಟ್ಟುಕೊಂಡರೆ ಲಾಕಿನ ಅಂಗಡಿಗೆ ಹೋಗುವ ಕೆಲಸ ಇಲ್ಲ.

ಗೆಳೆಯರು ಗಾಜಿನ ಕೆಲಸವನ್ನು ಚಳಿಗಾಲಕ್ಕೆ ಇಟ್ಟುಕೊಂಡಿದ್ದಾರೆ, ಹೇಗೂ ಆಗ ರಸ್ತೆಗೆ ಉಪ್ಪು ಹಾಕುವುದರಿಂದ ಕಾರು ಹೊರಗೆ ತೆಗೆಯಲ್ಲ. ಗಾಜು ಹೊಸದಾಗಿ ಅಂಟಿ ಬಂದ ಮೇಲೆ ಚೌಕಟ್ಟು ಈಗಿನಂತೆಯೇ ಕೂರುತ್ತದೆ ಅಂತ ಏನಿಲ್ಲ. ಆಗ ಎರಡೂ ಪಿನ್ನುಗಳ ಲಾಕ್ ನಟ್ಟು ಮತ್ತೆ ಸಡಿಲಿಸಿ, ಕಾಗದದ ಪಟ್ಟಿ ಹಿಡಿದು ಮೊದಲಿನಿಂದ ಹೊಂದಿಸಬೇಕು.